ಜಾರ್ಜಿಯಾದಲ್ಲಿ ಐವತ್ತು ಲಕ್ಷ ಚೀಟಿ ಕೈಯಲ್ಲಿ ಎಣಿಸಿದ ವಾರ

2020ರ ನವೆಂಬರ್ ಮೊದಲ ವಾರ, ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಎಣಿಕೆ ನಡೆಯುತ್ತಿದ್ದಾಗ, ಊರಿನಿಂದ ಅವ್ವ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಳು. "ಅಲ್ಲಿ ಇನ್ನೂವೆ ಎಣಿಸ್ತಾವ್ರಾ ಮಗ? ನಮ್ಮಲ್ಲಾಗಿದ್ರೆ ಮಧ್ಯಾಹ್ನದ ಊಟದೊತ್ಗೆ ಮುಗೀತಿತ್ತು."

ನಮ್ಮೂರು ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯ ಪಕ್ಕ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಧ್ರುವನಾರಾಯಣ ಅವರಿಗೆ 40,752 ಓಟು, ಎದುರಾಳಿ ಕೃಷ್ಣಮೂರ್ತಿ ಅವರಿಗೆ 40,751. ಒಂದು ಓಟಿಗೆ ಏನು ಬೆಲೆ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ.

ನಾನಿರುವುದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕಿರುವ ಫೋರ್ಸೈತ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. 1912ರಲ್ಲಿ ಇಲ್ಲಿದ್ದ ಕಪ್ಪು ಜನರನ್ನು ಹೆದರಿಸಿ, ಹೊಡೆದು, ಊರು ಬಿಡಿಸಿ ಓಡಿಸಿದ್ದರು. ಆಮೇಲೆ ಎಷ್ಟೋ ದಶಕ ಇದು ಬಿಳಿಯರದ್ದೇ ಕೌಂಟಿ. ಇವತ್ತು ಇಲ್ಲಿಯ ಅಂಗಡಿಗಳಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಶಾಲೆ ಬಿಟ್ಟಾಗ ಕನ್ನಡ, ತೆಲುಗು ಕಿವಿಗೆ ಬೀಳುತ್ತದೆ. ಪೌರತ್ವ ಸಿಕ್ಕ ಮೇಲೆ ನಾನು ಹಾಕಿದ ಮೊದಲ ಅಧ್ಯಕ್ಷೀಯ ಮತ ಅದು. ಅಕ್ಟೋಬರ್‌ನಲ್ಲೇ, ಮುಂಗಡ ಮತದಾನದಲ್ಲಿ, ಮಾಸ್ಕ್ ಹಾಕಿಕೊಂಡು ಎರಡು ಗಂಟೆ ಸಾಲಿನಲ್ಲಿ ನಿಂತು ಹಾಕಿದೆ. ಪರದೆಯಲ್ಲಿ ಹೆಸರು ಮುಟ್ಟಿದರೆ ಪಕ್ಕದ ಪ್ರಿಂಟರಿನಿಂದ ದೊಡ್ಡ ಹಾಳೆಯೊಂದು ಬರುತ್ತದೆ. ನಮ್ಮ ಕಡೆ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಬಿದ್ದುಹೋಗುತ್ತದಲ್ಲ, ಇಲ್ಲಿ ಅದು ಕೈಗೇ ಬರುತ್ತದೆ. ಓದಿ ನೋಡಿ, ನಾವೇ ಒಯ್ದು ಸ್ಕ್ಯಾನರಿಗೆ ಹಾಕಬೇಕು. ಬೆರಳಿಗೆ ಮೈಸೂರಿನ ಶಾಯಿ ಇಲ್ಲ. ಅದರ ಬದಲು ಪೀಚ್ ಹಣ್ಣಿನ ಚಿತ್ರದ ಸ್ಟಿಕ್ಕರ್ ಕೊಡುತ್ತಾರೆ. ಅದನ್ನು ಅಂಗಿಗೆ ಅಂಟಿಸಿಕೊಂಡು ಫೋಟೋ ತೆಗೆದು ಅವ್ವನಿಗೆ ಕಳಿಸಿದ್ದೆ.

ಊರಿನವರಿಗೆ ಬಿಡಿಸಿ ಹೇಳಲು ಕಷ್ಟವಾದ ಸಂಗತಿ ಒಂದಿತ್ತು. ದೇಶಕ್ಕೆಲ್ಲ ಮತದಾನ ನಡೆಸಿಕೊಡುವ ಒಂದು ಆಯೋಗ ಅಮೆರಿಕದಲ್ಲಿ ಇಲ್ಲ. ಪ್ರತಿ ರಾಜ್ಯದ್ದೂ ಅದರದ್ದೇ ಲೆಕ್ಕ. ಜಾರ್ಜಿಯಾದಲ್ಲಿ 159 ಕೌಂಟಿಗಳು, ಎಣಿಸುವವರು ಆಯಾ ಕೌಂಟಿಯವರೇ. ರಾಜ್ಯದಲ್ಲಿ ಯಾರು ಒಂದು ಓಟು ಮುಂದಿದ್ದರೂ ರಾಜ್ಯದ ಪಾಲಿನ 16 ಎಲೆಕ್ಟರ್‌ಗಳೂ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳೂ, ಅವರಿಗೇ. 1992ರಲ್ಲಿ ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಗೆದ್ದಿದ್ದು ಬಿಟ್ಟರೆ ಆಮೇಲಿನ ಆರು ಚುನಾವಣೆಯಲ್ಲೂ ಇಲ್ಲಿ ರಿಪಬ್ಲಿಕನ್ನರೇ. 2016ರಲ್ಲಿ ಅದೇ ರಿಪಬ್ಲಿಕನ್ ಪಕ್ಷದ ಟ್ರಂಪ್ ಎರಡು ಲಕ್ಷಕ್ಕೂ ಹೆಚ್ಚು ಮತದ ಅಂತರದಿಂದ ಗೆದ್ದಿದ್ದರು.

ಮತದಾನ ಮುಗಿದ ಮಂಗಳವಾರ ರಾತ್ರಿ ಟ್ರಂಪ್ ಮುಂದಿದ್ದರು. ಆದರೆ ಕೊರೋನಾದಿಂದಾಗಿ ಸುಮಾರು 13 ಲಕ್ಷ ಜನ ಅಂಚೆಯ ಮತ ಹಾಕಿದ್ದರು, ಅವುಗಳಲ್ಲಿ ಎಷ್ಟೋ ಇನ್ನೂ ಎಣಿಕೆಯಾಗಬೇಕಿತ್ತು. ಅಂತರ ಗಂಟೆಗಂಟೆಗೂ ಕರಗುತ್ತಾ ಬಂತು. ಶುಕ್ರವಾರ ಬೆಳಗಿನ ಜಾವ ಅಟ್ಲಾಂಟಾದ ದಕ್ಷಿಣದ ಕ್ಲೇಟನ್ ಕೌಂಟಿಯ ಮತಗಳು ಬಂದಾಗ ಡೆಮಾಕ್ರಟಿಕ್ ಪಕ್ಷದ ಬೈಡನ್ ಮುಂದಾದರು. ನಾನೂ ನನ್ನ ಹೆಂಡತಿಯೂ ಟೀವಿ ಮುಂದೆ ಎಚ್ಚರವಾಗಿಯೇ ಕೂತಿದ್ದೆವು. ನಮ್ಮ ಕೌಂಟಿ ಮಾತ್ರ ಮೂರರಲ್ಲಿ ಎರಡು ಪಾಲು ಟ್ರಂಪ್ ಕಡೆಗೇ ನಿಂತಿತ್ತು. ನಮ್ಮ ಸ್ನೇಹಿತರಲ್ಲೂ ಎರಡೂ ಕಡೆಯವರಿದ್ದರು, ಆ ದೀಪಾವಳಿಯಲ್ಲಿ ಕೆಲವರು ಒಬ್ಬರಿಗೊಬ್ಬರು ಫೋನ್ ಮಾಡಲಿಲ್ಲ.

ಅಂತರ ಇಷ್ಟು ಸಣ್ಣದಾದಾಗ ರಾಜ್ಯದ ಚುನಾವಣೆಯ ಹೊಣೆ ಹೊತ್ತ ಬ್ರಾಡ್ ರಾಫೆನ್ಸ್‌ಪರ್ಗರ್, ಅಷ್ಟೂ ಚೀಟಿಗಳನ್ನು ಕೈಯಲ್ಲೇ ಎಣಿಸಿ ಎಂದರು. ಅವರು ಸ್ವತಃ ರಿಪಬ್ಲಿಕನ್, ಟ್ರಂಪ್ ಬೆಂಬಲಿಗರು. 159 ಕೌಂಟಿ, ಐವತ್ತು ಲಕ್ಷ ಹಾಳೆ. ಒಂದೊಂದು ಮೇಜಿಗೆ ಇಬ್ಬರು. ಒಬ್ಬರು ಹಾಳೆ ನೋಡಿ ಹೆಸರು ಗಟ್ಟಿಯಾಗಿ ಓದಿ ಇನ್ನೊಬ್ಬರ ಕೈಗೆ ಕೊಡುತ್ತಾರೆ, ಅವರು ಸರಿಯೇ ಎಂದು ನೋಡಿ ಆಯಾ ಅಭ್ಯರ್ಥಿಯ ರಾಶಿಗೆ ಇಡುತ್ತಾರೆ. ಎರಡೂ ಪಕ್ಷದ ವೀಕ್ಷಕರು ಸುತ್ತ ನಿಂತಿರುತ್ತಾರೆ. ಆ ಎಣಿಕೆಯಲ್ಲಿ ತಪ್ಪುಗಳೂ ಸಿಕ್ಕವು. ಫ್ಲಾಯ್ಡ್ ಕೌಂಟಿಯಲ್ಲಿ ಸುಮಾರು 2,600 ಮತ ಸ್ಕ್ಯಾನೇ ಆಗದೆ ಉಳಿದಿದ್ದು ಬೆಳಕಿಗೆ ಬಂತು, ಅವನ್ನು ಸೇರಿಸಿದ ಮೇಲೆ ಟ್ರಂಪ್ ಅವರ ಮತ ಏರಿತು. ನನಗೆ ನಂಬಿಕೆ ಬಂದಿದ್ದೇ ಅಲ್ಲಿ. ತಪ್ಪನ್ನು ಮುಚ್ಚಿಡದೆ, ಸೋತವರಿಗೆ ಸೇರಬೇಕಾದ ಮತವನ್ನು ಹುಡುಕಿ ಸೇರಿಸಿ, ಆಮೇಲೆ ಗೆದ್ದವರ ಹೆಸರು ಹೇಳಿದರು. ಅದು ಮುಗಿದ ಮೇಲೆ ಟ್ರಂಪ್ ಕಡೆಯವರು ಕೇಳಿದ್ದಕ್ಕೆ ಯಂತ್ರದಲ್ಲಿ ಇನ್ನೊಮ್ಮೆ ಎಣಿಸಿದರು. ಕೊನೆಗೆ ಉಳಿದ ಅಂತರ 11,779.

2021ರ ಜನವರಿ 2ರಂದು ಟ್ರಂಪ್ ಅವರು ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ, ತನಗೆ 11,780 ಮತ ಹುಡುಕಿಕೊಡಬೇಕು ಎಂದಿದ್ದು ಲೋಕಕ್ಕೆಲ್ಲ ಗೊತ್ತು. ರಾಫೆನ್ಸ್‌ಪರ್ಗರ್ ಒಪ್ಪಲಿಲ್ಲ. ಆದರೆ ನನ್ನನ್ನು ಇಂದಿಗೂ ಕಾಡುವವರು ಅವರಿಬ್ಬರಲ್ಲ, ಒಬ್ಬ ತಾಯಿ, ಒಬ್ಬ ಮಗಳು.

ರೂಬಿ ಫ್ರೀಮನ್ ಮತ್ತು ಶೇ ಮಾಸ್ ಅಟ್ಲಾಂಟಾದ ಎಣಿಕೆ ಕೇಂದ್ರದಲ್ಲಿ ಕೆಲಸ ಮಾಡಿದ ಕಪ್ಪು ಹೆಂಗಸರು. ಅವರು ಮತ ಕದ್ದರು ಎಂದು ಟ್ರಂಪ್ ಅವರ ವಕೀಲ ರೂಡಿ ಜೂಲಿಯಾನಿ ಸಾರಿದರು. ವಿಡಿಯೋದಲ್ಲಿ ಅವರಿಬ್ಬರ ಕೈ ದಾಟಿದ್ದು ಯುಎಸ್‌ಬಿ ಡ್ರೈವ್ ಅಂದರು. ತಾಯಿ ಮಗಳಿಗೆ ಕೊಟ್ಟಿದ್ದು ಒಂದು ಶುಂಠಿ ಪೆಪ್ಪರ್‌ಮಿಂಟು. ಆಮೇಲೆ ಬೆದರಿಕೆಗಳಿಗೆ ಲೆಕ್ಕವಿಲ್ಲ. ತಾಯಿ ಮನೆ ಬಿಟ್ಟು ಬೇರೆಡೆ ಇರಬೇಕಾಯಿತು, ಮಗಳು ಕೆಲಸ ಬಿಟ್ಟಳು. 2022ರ ಜೂನ್‌ನಲ್ಲಿ ಸಂಸತ್ತಿನ ಸಮಿತಿ ಮುಂದೆ ಮಗಳು ಹೇಳಿದ್ದನ್ನು ನಾನು ಪೂರ್ತಿ ಕೇಳಿದೆ. ಮಾರನೆಯ ವರ್ಷ ಡಿಸೆಂಬರ್‌ನಲ್ಲಿ ಜೂಲಿಯಾನಿ ಆ ತಾಯಿ ಮಗಳಿಬ್ಬರಿಗೂ ಸೇರಿ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಜ್ಯೂರಿ ಹೇಳಿತು.

ಇದನ್ನು ಅವ್ವನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಮ್ಮ ಅಪ್ಪ ಮೇಷ್ಟ್ರು. ಪ್ರತಿ ಚುನಾವಣೆಗೂ ಪೆಟ್ಟಿಗೆಯ ಜೊತೆ ಲಾರಿಯಲ್ಲಿ ಹೋಗಿ, ಯಾವುದೋ ಶಾಲೆಯ ಬೆಂಚಿನ ಮೇಲೆ ಮಲಗಿ ಬರುತ್ತಿದ್ದರು. "ಅವ್ರೂ ನಿಮ್ಮಪ್ಪನಂಗೆ ಡ್ಯೂಟಿ ಮಾಡಾಕೆ ಹೋದೋರಲ್ವಾ?" ಎಂದಳು.

2024ರಲ್ಲಿ ನಾನು ನಮ್ಮ ಕೌಂಟಿಯಲ್ಲಿ ಮತಗಟ್ಟೆ ಕೆಲಸಕ್ಕೆ ಹೆಸರು ಕೊಟ್ಟೆ. ತರಬೇತಿ ಆಯಿತು, ಪ್ರಮಾಣವಚನ ಆಯಿತು. ಚುನಾವಣೆಯ ದಿನ ಕತ್ತಲಿರುವಾಗಲೇ ಹೋಗಿ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಗುರುತಿನ ಚೀಟಿ ನೋಡುತ್ತಾ ಕೂತೆ. ಆ ಸಲ ಟ್ರಂಪ್ ಸುಮಾರು 1,15,000 ಮತದಿಂದ ಜಾರ್ಜಿಯಾ ಗೆದ್ದರು. ಕಳ್ಳಮತದ ಮಾತು ಎತ್ತಿದವರನ್ನು ನಾನು ಕಾಣಲಿಲ್ಲ, ಮರುಎಣಿಕೆಯೂ ಆಗಲಿಲ್ಲ.

ಬಾಗಿಲು ಹಾಕಿದ ಮೇಲೆ ಸ್ಕ್ಯಾನರಿನಿಂದ ಆ ದಿನದ ಲೆಕ್ಕದ ಉದ್ದನೆಯ ಪಟ್ಟಿ ಬಂತು, ಬಸ್ಸಿನ ಟಿಕೆಟ್ಟಿನಂಥ ಕಾಗದ. ಎಲ್ಲರೂ ಸಹಿ ಹಾಕಿದೆವು. ಒಂದು ಪ್ರತಿಯನ್ನು ಹೊರಬಾಗಿಲಿಗೆ ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕೂ ಮೂಲೆಗೆ ಟೇಪು ಹಚ್ಚಿ ಹಿಂದೆ ಸರಿದಾಗ, ನಾಯಿ ಕರೆದುಕೊಂಡು ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಮೊಬೈಲಿನ ಬೆಳಕು ಹಿಡಿದು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಂಖ್ಯೆ ಓದುತ್ತಾ ನಿಂತರು. ಅವರು ಓದಿ ಮುಗಿಸುವವರೆಗೆ ನಾನೂ ಅಲ್ಲೇ ನಿಂತಿದ್ದೆ.