ಈ ವರ್ಷ ತೀರ್ಥ ತರಬಹುದಾ?

2018ರ ಅಕ್ಟೋಬರ್ 17, ಬುಧವಾರ. ಆ ವರ್ಷ ಕಾವೇರಿ ಹುಟ್ಟುವ ತಲಕಾವೇರಿಯಲ್ಲಿ ತೀರ್ಥೋದ್ಭವದ, ಅಂದರೆ ತುಲಾ ಸಂಕ್ರಮಣದಂದು ತೀರ್ಥ ಉಕ್ಕುವ, ಮುಹೂರ್ತ ಸಂಜೆ 6 ಗಂಟೆ 43 ನಿಮಿಷಕ್ಕೆ ಬಂದಿತ್ತು. ಮಧ್ಯಾಹ್ನ ಮಡಿಕೇರಿಯಿಂದ ಹೊರಟ ಜೀಪಿನಲ್ಲಿ ಮಕ್ಕಂದೂರು ಕಡೆಯ ಒಬ್ಬರು ಅಕ್ಕ ಇದ್ದರು. ಮಡಿಲಲ್ಲಿ ಟವೆಲ್ ಸುತ್ತಿದ ತಾಮ್ರದ ಕಿಂಡಿ, ತೀರ್ಥ ತುಂಬುವ ತಂಬಿಗೆ. ಹೊಸದು, ಅಂಗಡಿಯವರು ಅಂಟಿಸಿದ ಬೆಲೆಚೀಟಿ ಇನ್ನೂ ತಳದಲ್ಲೇ ಇತ್ತು. ಬೆಟ್ಟಗೇರಿ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಕೇಳಿದರು: "ನಮ್ಮ ಮನೆಗೆ ಈ ವರ್ಷ ತೀರ್ಥ ತರ್ಲಿಕ್ಕೆ ಆಗ್ತದಾ?"

ಎರಡು ತಿಂಗಳ ಹಿಂದೆ, ಆಗಸ್ಟ್ 17ರಂದು, ಮನೆಯ ಹಿಂದಿನ ಗುಡ್ಡ ಜರಿದು ಅವರ ಗಂಡ ತೀರಿಹೋಗಿದ್ದರು. ದೇಹ ಸಿಕ್ಕಿದ್ದು ನಾಲ್ಕನೇ ದಿನ. ಮನೆಯ ಹಳೆಯ ತೀರ್ಥದ ಕಿಂಡಿ ದೇವರ ಕೋಣೆಯ ಸಮೇತ ಮಣ್ಣಿನಡಿಗೆ ಹೋಗಿತ್ತು.

ಕೊಡಗಿನ ಹೊರಗಿನವರಿಗೆ ಆ ಪ್ರಶ್ನೆಯ ಭಾರ ತಿಳಿಯಬೇಕಾದರೆ ಕಿಂಡಿ ಏಕೆ ಅಂತ ಹೇಳಬೇಕು. ಕೊಡವರ ಮನೆ ಇರಲಿ, ಗೌಡರ ಮನೆ ಇರಲಿ, ತುಲಾ ಸಂಕ್ರಮಣದ ತೀರ್ಥ ದೇವರ ಹಲಗೆಯ ಮೇಲೆ ವರ್ಷವಿಡೀ ಇರುತ್ತದೆ. ಹಿಂದೆ ಬಿದಿರ ಅಂಡೆಯಲ್ಲಿ ತರುತ್ತಿದ್ದರು, ಈಗ ಕಿಂಡಿ, ಕ್ಯಾನು, ಬಾಟಲಿ. ಮನೆಯಲ್ಲಿ ಯಾರಿಗಾದರೂ ಕೊನೆಗಾಲ ಬಂದಾಗ ಬಾಯಿಗೆ ಬಿಡುವುದು ಅದನ್ನೇ. ಆ ತೊಟ್ಟು ಸಿಕ್ಕಿ ಹೋದವರ ಬಗ್ಗೆ ಮನೆಯವರಿಗೆ ಒಂದು ಸಮಾಧಾನ. ಈ ಅಕ್ಕನ ಗಂಡನಿಗೆ ಅದು ಸಿಗಲಿಲ್ಲ. ಬಾಯಿಗೆ ಹೋದದ್ದು ಕೆಸರು. ತೀರ್ಥ ತರಬಹುದಾ ಅಂತ ಅವರು ಕೇಳಿದ್ದರಲ್ಲಿ, ಇನ್ನು ಯಾರಿಗೋಸ್ಕರ ತರುವುದು, ಯಾವ ಮುಖ ಹೊತ್ತು ಕಾವೇರಿ ತಾಯಿಯ ಮುಂದೆ ನಿಲ್ಲುವುದು ಅನ್ನುವುದೂ ಇತ್ತು.

ಕೇಳಿದ್ದಕ್ಕೆ ಮೊದಲು ನೇರ ಉತ್ತರ ಕೊಡಬೇಕು. ದುಃಖದಲ್ಲಿರುವವರು ಕೇಳುವ ಸಣ್ಣ ಪ್ರಶ್ನೆಯನ್ನು ದಾಟಿ ದೊಡ್ಡ ವೇದಾಂತಕ್ಕೆ ಹಾರಬಾರದು. ಸತ್ತವರಿಗೆ ಮಾಡುವ ಕ್ರಿಯೆ, ಕೊಡವರಲ್ಲಿ ಮಾದ, ಗೌಡರಲ್ಲಿ ಬೊಜ್ಜ, ಮುಗಿದ ಮೇಲೆ ಸೂತಕ ಕಳೆಯಿತು. ಆಮೇಲೆ ವರ್ಷದವರೆಗೆ ಬಿಡುವುದು ಹಬ್ಬದ ಸಂಭ್ರಮವನ್ನು: ಹೊಸ ಬಟ್ಟೆ, ಮದುವೆ, ಹಬ್ಬದೂಟ. ದಿನದ ದೀಪ ಬಿಡುವಂತಿಲ್ಲ, ನದಿ ಸ್ನಾನಕ್ಕೆ ಅಡ್ಡಿಯಿಲ್ಲ, ತೀರ್ಥಕ್ಕೂ ಇಲ್ಲ. ನಮ್ಮ ಹಿರಿಯರು ಹೇಳಿಕೊಂಡು ಬಂದದ್ದು ಇಷ್ಟೇ. ಕಣಿ ಪೂಜೆಗೆ ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ ಕಾವೇರಿಯಮ್ಮ ಎಂದು ಕೂರಿಸುತ್ತಾರಲ್ಲ, ಆ ಅಲಂಕಾರವನ್ನು ಈ ವರ್ಷ ಬಿಟ್ಟು ಕಿಂಡಿಯ ಮುಂದೆ ಒಂದು ದೀಪ ಹಚ್ಚಿದರೆ ಸಾಕು. "ಹಾಗಾದ್ರೆ ತರ್ಬಹುದು" ಅಂದರು ಅಕ್ಕ. ಕಿಂಡಿಯ ತಳದ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು. ಚೇರಂಬಾಣೆ ಬರುವಷ್ಟರಲ್ಲಿ ಅರ್ಧ ಕಿತ್ತಿತ್ತು.

ಇಂಥ ಸಾವಿನ ಮುಂದೆ ಏಳುವ, ದೇವರು ಯಾಕೆ ಹೀಗೆ ಮಾಡಿದ ಅನ್ನುವುದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸದಿದ್ದರೆ ಎರಡಕ್ಕೂ ಅನ್ಯಾಯ. ಗುಡ್ಡ ಯಾಕೆ ಜರಿಯಿತು ಅನ್ನುವುದು ಒಂದು. ಅದಕ್ಕೆ ಉತ್ತರ ಇದೆ. ಮಡಿಕೇರಿ ಸುತ್ತಿನ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಕೊಳೆತ ಕಲ್ಲು, ಜೇಡಿ, ಕೆಂಪು ಮಣ್ಣು ದಪ್ಪವಾಗಿ ಕೂತಿದೆ. ಇಂಗಿದ ಮಳೆನೀರು ಬಂಡೆ ಮುಟ್ಟಿ, ಅದರ ಮೇಲೆಯೇ ಜಾರಿ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಇಳಿಯಬೇಕು. ಇಳಿಯುವುದಕ್ಕಿಂತ ಇಂಗುವುದು ಹೆಚ್ಚಾದರೆ ಮಣ್ಣಿನೊಳಗೆ ನೀರಿನ ಒತ್ತಡ ಏರುತ್ತದೆ, ಕಣಕ್ಕೆ ಕಣ ಹಿಡಿದುಕೊಂಡ ಬಿಗಿ ಬಿಡುತ್ತದೆ, ಇಡೀ ಇಳಿಜಾರು ಮರಗಳ ಸಮೇತ ಜಾರುತ್ತದೆ. ನಮ್ಮವರು ಜಲಸ್ಫೋಟ ಅನ್ನುವುದು ಇದಕ್ಕೇ. ಆ ವರ್ಷ ಜೂನ್‌ನಿಂದಲೇ ಮಳೆ ಬಿಟ್ಟಿರಲಿಲ್ಲ, ನೆನೆದ ಮಣ್ಣಿನ ಮೇಲೆ ಆಗಸ್ಟ್ ಮಧ್ಯದ ಮಳೆ ಬಿತ್ತು. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಕುಸಿಯಿತು.

ಇದರಲ್ಲಿ ಮನುಷ್ಯರ ಪಾಲೂ ಇದೆ. ಮನೆಗೆ ಜಾಗ ಮಾಡಲು ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಗೋಡೆಯ ಹಾಗೆ ನೇರ ಕಡಿದರೆ ಮೇಲಿನ ಮಣ್ಣಿಗೆ ಕಾಲೇ ಇಲ್ಲದ ಹಾಗೆ. ಕಡಿದ ಮಣ್ಣನ್ನು ಮುಂದೆ ಸುರಿದು ಅಂಗಳ ಮಾಡಿದರೆ ಆ ತುಂಬು ಮಣ್ಣು ಹಳೆ ನೆಲಕ್ಕೆ ಕಚ್ಚಿಕೊಳ್ಳುವುದಿಲ್ಲ. ರಸ್ತೆಗೋಸ್ಕರ ತೋಡು ಮುಚ್ಚಿದರೆ ನೀರು ಬೇರೆ ದಾರಿ ನೋಡುತ್ತದೆ, ಅದು ಸಿಗುವುದು ಮಣ್ಣಿನೊಳಗೆ. ಮುನ್ಸೂಚನೆಗಳೂ ಇದ್ದವು. ಗುಡ್ಡದ ನೆತ್ತಿಯಲ್ಲಿ ಅಡ್ಡ ಬಿರುಕು. ನೆಟ್ಟಗಿದ್ದ ಸಿಲ್ವರ್ ಓಕ್ ವಾಲುವುದು. ನಿನ್ನೆವರೆಗೆ ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು. ತಿಳಿಯಾಗಿದ್ದ ಒರತೆ ಕೆಂಪಾಗುವುದು. ಎಲ್ಲಕ್ಕಿಂತ ಅಪಾಯ, ಭೋರೆಂದು ಹರಿಯುತ್ತಿದ್ದ ತೋಡು ಮಳೆ ಇದ್ದಾಗಲೇ ಸದ್ದಡಗುವುದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಅಂತ ಅದರ ಅರ್ಥ. ಆಗ ದನ ಬಿಚ್ಚಿ, ಕೈಗೆ ಸಿಕ್ಕ ಕಾಗದಪತ್ರ ಹಿಡಿದು, ತೋಡಿನ ದಾರಿ ಬಿಟ್ಟು ಪಕ್ಕದ ಎತ್ತರಕ್ಕೆ ಹೋಗಬೇಕು. ಇಷ್ಟನ್ನು ದೇವರ ಲೆಕ್ಕಕ್ಕೆ ಬರೆಯುವುದು ತಪ್ಪು. ದೇವರ ಚಿತ್ತ ಅಂದುಬಿಟ್ಟರೆ ಮುಂದಿನ ಬರೆಯನ್ನೂ ನೇರವಾಗಿಯೇ ಕಡಿಯುತ್ತೇವೆ.

ಎರಡನೆಯದು ಬೇರೆಯದೇ ಪ್ರಶ್ನೆ. ಅಕ್ಕನ ಗಂಡ ಅಂದು ಮನೆಯವರನ್ನೆಲ್ಲ ರಸ್ತೆಗೆ ಹತ್ತಿಸಿದ್ದರು. ಕಟ್ಟಿದ ಹಸುವನ್ನು ಬಿಚ್ಚಲು ಹಿಂದಿರುಗಿದರು. ಹಸು ಉಳಿಯಿತು. ನೀರಿನ ಒತ್ತಡದ ಲೆಕ್ಕ ಇದಕ್ಕೆ ಉತ್ತರ ಹೇಳುವುದಿಲ್ಲ. ಆ ಐದು ನಿಮಿಷ ಗುಡ್ಡವನ್ನು ತಡೆದು ನಿಲ್ಲಿಸಲು ಆ ತಾಯಿಗೆ ಆಗುತ್ತಿರಲಿಲ್ಲವೇ ಅಂತ ಕೇಳಿದವರಿಗೆ ಯಾರೂ ಉತ್ತರ ಕೊಡಲಾರರು. ಆದರೂ ಪರಿಹಾರ ಕೇಂದ್ರದಲ್ಲಿ ಕೊಟ್ಟರು. ಪೂರ್ವಜನ್ಮದ ಕರ್ಮ ಅಂದರು ಒಬ್ಬರು. ನಾಗನ ಜಾಗ ಕಡಿದಿರಬೇಕು ಅಂದರು ಇನ್ನೊಬ್ಬರು. ದೇವರು ಒಳ್ಳೆಯವರನ್ನೇ ಬೇಗ ಕರೆಯುತ್ತಾನೆ ಅಂದವರೂ ಇದ್ದರು. ಕೇಳಿಸಿಕೊಂಡವರಿಗೆ ಮೊದಲಿನದು ಸತ್ತವರ ಮೇಲೆ ಹೊರಿಸಿದ ತಪ್ಪು, ಎರಡನೆಯದು ಮನೆಯ ಮೇಲೆ ಹೊರಿಸಿದ ತಪ್ಪು, ಮೂರನೆಯದು ಉಳಿದ ಮಕ್ಕಳಿಗೆ ಹೆದರಿಕೆ. ಕರ್ಮದ ಮಾತು ತನ್ನ ನಡತೆಯನ್ನು ತಿದ್ದಿಕೊಳ್ಳುವವನಿಗೆ ಇರುವಂಥದ್ದು. ಅಳುವವರ ಮುಂದೆ ಇನ್ನೊಬ್ಬರ ಕರ್ಮದ ಲೆಕ್ಕ ತೆಗೆಯುವ ಅಧಿಕಾರ ಯಾರಿಗೂ ಇಲ್ಲ.

ಅದೇ ಕೇಂದ್ರದಲ್ಲಿ ಸುಂಟಿಕೊಪ್ಪ ಕಡೆಯ ಕ್ರೈಸ್ತ ಅಜ್ಜಿಯೊಬ್ಬರಿದ್ದರು. ಅವರು ಬಂದು ಅಕ್ಕನ ಚಾಪೆಯ ಪಕ್ಕ ಕೂತುಬಿಡುತ್ತಿದ್ದರು, ಮಾತಿಲ್ಲ. ಹೊತ್ತಿಗೆ ಸರಿಯಾಗಿ ಒಂದು ಲೋಟ ಕಾಫಿ ಕೈಗಿಡುತ್ತಿದ್ದರು. ಅವರ ಧರ್ಮದಲ್ಲಿ ಯೋಬನ ಕಥೆ ಇದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡವನನ್ನು ನೋಡಲು ಬಂದ ಮೂವರು ಗೆಳೆಯರು 7 ಹಗಲು 7 ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತರು. ಬಾಯಿ ತೆರೆದು, ನೀನೇನೋ ಪಾಪ ಮಾಡಿರಬೇಕು ಅಂದಮೇಲೆ ಅವರ ಮಾತು ದಾರಿ ತಪ್ಪಿತು, ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾದ. ಅಜ್ಜಿ ಆ ಮೊದಲ ಏಳು ದಿನದ ಭಾಗವನ್ನಷ್ಟೇ ಮಾಡಿದರು.

ಭಾಗಮಂಡಲದಲ್ಲಿ ಇಳಿದಾಗ ನಾಲ್ಕು ಗಂಟೆ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ತ್ರಿವೇಣಿ ಸಂಗಮ. ಮೊದಲು ಇಲ್ಲಿ ಮುಳುಗು ಹಾಕಿ, ಪಿಂಡ ಬಿಡುವವರು ಬಿಟ್ಟು, ಭಗಂಡೇಶ್ವರನಿಗೆ ಕೈಮುಗಿದು, ಆಮೇಲೆ 8 ಕಿಲೋಮೀಟರ್ ಮೇಲೆ ತಲಕಾವೇರಿಗೆ ಹೋಗುವುದು ವಾಡಿಕೆ. ಅಕ್ಕನ ಮೈದುನ ನೀರಿಗಿಳಿದರು. ತರ್ಪಣದ ನೀರು ಬಿಡಬೇಕಾದದ್ದು ಹೆಬ್ಬೆರಳು ತೋರುಬೆರಳಿನ ನಡುವಿಂದ, ಎಳ್ಳು ಪ್ರತಿಸಲ ಒಂದು ಚಿಟಿಕೆ ಸಾಕು. ಗಾಬರಿಯಲ್ಲಿ ಮುಷ್ಟಿ ತುಂಬ ಹಿಡಿದರೆ ಒದ್ದೆ ಎಳ್ಳು ಅಂಗೈಗೆ ಮೆತ್ತಿಕೊಂಡು ಹರಿಯುವುದೇ ಇಲ್ಲ. ಅವರಿಗೂ ಹಾಗೇ ಆಯಿತು. ಪುರೋಹಿತರು ಬೈಯಲಿಲ್ಲ, ಕೈ ತೊಳೆಸಿ ಮತ್ತೆ ಮೊದಲಿನಿಂದ ಹೇಳಿಸಿದರು. ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಡುವ ರೂಢಿ ಮಾತ್ರ ಬೇಡ. ಅದು ಕೆಳಗಿನ ಕಲ್ಲಿಗೆ ಸಿಕ್ಕಿಕೊಂಡು ಕೊಳೆಯುತ್ತದೆ, ಯಾವ ಪಿತೃವಿಗೂ ಮುಟ್ಟುವುದಿಲ್ಲ.

ಅಕ್ಕ ಮುಳುಗು ಹಾಕಲಿಲ್ಲ. ಮೆಟ್ಟಿಲಲ್ಲಿ ಕೂತು ಕಿಂಡಿ ತಿಕ್ಕಿದರು. ಹುಣಸೆಹುಳಿ ಹಾಕಿ ತಿಕ್ಕಿದ ಮೇಲೆ ಹುಳಿಯ ಅಂಶ ಉಳಿಯದ ಹಾಗೆ ನಾಲ್ಕು ಸಲ ತೊಳೆಯಬೇಕು, ಇಲ್ಲದಿದ್ದರೆ ವಾರದಲ್ಲಿ ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಅವರು ಎಣಿಸಿಕೊಂಡು ತೊಳೆದರು. "ಸಿಟ್ಟು ಹೋಗ್ಲಿಲ್ಲ ನನಗೆ" ಅಂದರು, ತಲೆ ಎತ್ತದೆ. "ಹೋಗುವ ಹಾಗೆ ಕಾಣುದೂ ಇಲ್ಲ. ಆದ್ರೆ ಅತ್ತೆಗೆ ಎಂಬತ್ತು ದಾಟಿತು. ಬಾಡಿಗೆ ಮನೇಲಿ ದೇವರ ಹಲಗೆ ಖಾಲಿ ಉಂಟು. ಅವರಿಗೆ ನಾಳೆ ಬೇಕಾದ್ರೆ ಎಲ್ಲಿ ಹುಡುಕುದು?"

ಸಿಟ್ಟು ಬಂದರೆ ನಂಬಿಕೆ ಹೋಯಿತು ಅಂತ ತಿಳಿಯುವವರಿದ್ದಾರೆ. ಇಲ್ಲವೆಂದು ತಿಳಿದವರ ಮೇಲೆ ಯಾರೂ ಸಿಟ್ಟು ಮಾಡುವುದಿಲ್ಲ. ಅಗಸ್ತ್ಯರ ಕಮಂಡಲದಿಂದ ಉಕ್ಕಿ ಹರಿದ ಕಾವೇರಿಯನ್ನು ಕೊಡಗಿನವರು ಬಲಮುರಿಯಲ್ಲಿ ತಡೆಯಹೋದಾಗ, ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು ಅಂತ ನಮ್ಮ ಕಥೆಯೇ ಹೇಳುತ್ತದೆ. ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಹಿಂದೆಯೇ ಉಡುತ್ತಾರೆ. ತಡೆಯಲು ನಿಂತವರನ್ನೂ ಅವಳು ತನ್ನವರೇ ಅಂದಳು, ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಮಾತು ಕೊಟ್ಟಳು. ಆ ಮಾತಿನ ದಿನವೇ ತುಲಾ ಸಂಕ್ರಮಣ.

ತಲಕಾವೇರಿಯಲ್ಲಿ ಕತ್ತಲಾಗಿತ್ತು, ಮಂಜು ಇಳಿದಿತ್ತು. ಬ್ರಹ್ಮಕುಂಡಿಕೆ ಪುಟ್ಟ ಕುಂಡ, ಅದರ ಮುಂದೆ ಕೊಳ. ಕೊಳದೊಳಗೆ ಎದೆಮಟ್ಟದ ನೀರಿನಲ್ಲಿ ಜನ ಬಿಂದಿಗೆ, ಬಾಟಲಿ ಹಿಡಿದು ಕಾದಿದ್ದರು. 6.43ರ ಹೊತ್ತಿಗೆ ಅರ್ಚಕರು ಕುಂಡಿಕೆಯಿಂದ ನೀರೆತ್ತಿ ಎರಚಿದಾಗ "ಕಾವೇರಿ ಮಾತೆಗೆ ಜೈ" ಅನ್ನುವ ಕೂಗು. ಆ ಕ್ಷಣಕ್ಕೇ ನುಗ್ಗಬೇಕಾಗಿಲ್ಲ. ವಯಸ್ಸಾದವರನ್ನು, ಮಕ್ಕಳನ್ನು ಕರೆತಂದವರು ಒಂದು ಗಂಟೆ ಬಿಟ್ಟು ಸಾಲಿನಲ್ಲಿ ಬಂದರೂ ಅದೇ ತೀರ್ಥ. ಅಕ್ಕ ಹಾಗೆ ಕಾದು ಕಿಂಡಿ ತುಂಬಿಸಿಕೊಂಡರು. ಕಂಠದವರೆಗೆ ತುಂಬಿಸಬಾರದು, ಜೀಪಿನ ಕುಲುಕಾಟಕ್ಕೆ ಚೆಲ್ಲುತ್ತದೆ. ಎರಡು ಬೆರಳಿನಷ್ಟು ಜಾಗ ಬಿಟ್ಟು, ಮುಚ್ಚಳದ ಮೇಲೆ ಬಟ್ಟೆ ಕಟ್ಟಬೇಕು. ಒಳಗೆ ಬೆರಳು, ಹೂವು, ಎಲೆ ಬೀಳಬಾರದು, ನೀರು ಕೆಡುವುದು ಅದರಿಂದಲೇ. ಪ್ಲಾಸ್ಟಿಕ್ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಇಟ್ಟವರ ಮನೆಯಲ್ಲಿ ತಿಂಗಳೊಳಗೆ ಪಾಚಿ ಕಟ್ಟಿದ್ದನ್ನು ನೋಡಿದ್ದೇವೆ. ಮುಂದಿನ ಸಂಕ್ರಮಣಕ್ಕೆ ಹೊಸ ತೀರ್ಥ ಬಂದಾಗ ಹಳೆಯದನ್ನು ತುಳಸಿ ಬುಡಕ್ಕೆ ಎರೆಯುವುದು.

ಕರ್ಮದ ಲೆಕ್ಕ ಹೇಳಿದವರು ಇನ್ನೊಂದನ್ನೂ ನೋಡಬೇಕಾಯಿತು. 2020ರ ಆಗಸ್ಟ್ 6ರ ನಸುಕಿಗೂ ಮುಂಚೆ ತಲಕಾವೇರಿಯಲ್ಲೇ ಗುಡ್ಡ ಜರಿದು ಪ್ರಧಾನ ಅರ್ಚಕರ ಮನೆ ಕೊಚ್ಚಿಹೋಯಿತು. ಅವರೂ ಸೇರಿ ಐವರು ಹೋದರು. ಆ ಕುಂಡಿಕೆಯ ಸೇವೆಯಲ್ಲೇ ಬದುಕು ಸವೆಸಿದವರು ಅವರು. ಅವರ ಮೇಲೆ ಯಾವ ಪಾಪ ಹೊರಿಸುವುದು? ಆ ವರ್ಷವೂ ಅಕ್ಟೋಬರ್ 17ರ ಬೆಳಿಗ್ಗೆ 7 ಗಂಟೆ 3 ನಿಮಿಷಕ್ಕೆ ತೀರ್ಥೋದ್ಭವ ಆಯಿತು. ಕೊರೊನಾ ಕಾಲ, ಜನ ಕಡಿಮೆ. ಮೇಲೆ ಗುಡ್ಡದ ಕೆಂಪು ಗಾಯ ಕಾಣುತ್ತಿತ್ತು, ಕೆಳಗೆ ಬೇರೆ ಕೈಗಳು ತೀರ್ಥ ಎತ್ತಿದವು.

ಅಕ್ಕನ ಅತ್ತೆ ತೀರಿಕೊಂಡದ್ದು ಅದಕ್ಕೂ ಮುಂಚೆ, 2019ರ ಜುಲೈಯಲ್ಲಿ, ಬಾಡಿಗೆ ಮನೆಯಲ್ಲೇ. ಉಸಿರು ಬಿಟ್ಟು ಬಿಟ್ಟು ಬರತೊಡಗಿದಾಗ ಅಕ್ಕನೇ ಕಿಂಡಿ ಇಳಿಸಿದರು. ಈ ಹೊತ್ತಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಪ್ರೀತಿಯಿಂದ ಒಬ್ಬೊಬ್ಬರೂ ಒಂದೊಂದು ಚಮಚ ಸುರಿಯುವುದು. ಆಗ ನುಂಗುವ ಶಕ್ತಿ ಇರುವುದಿಲ್ಲ, ನೀರು ಶ್ವಾಸನಾಳಕ್ಕೆ ಹೋಗಿ ಕೊನೆಯ ಗಳಿಗೆಯೇ ಹಿಂಸೆಯಾಗುತ್ತದೆ. ತಲೆಯನ್ನು ಸ್ವಲ್ಪ ಎತ್ತಿ ಪಕ್ಕಕ್ಕೆ ವಾಲಿಸಿ, ತುಟಿ ಒದ್ದೆಯಾಗುವಷ್ಟೇ ಬಿಡಬೇಕು. ಅಕ್ಕ ಒಂದು ಲೋಟಕ್ಕೆ ತೀರ್ಥ ಬಗ್ಗಿಸಿಕೊಂಡು ತುಳಸಿ ಎಲೆ ಅದ್ದಿದರು. ಎಲೆಯ ತುದಿಯಲ್ಲಿ ತೊಟ್ಟು ತೂಗುತ್ತಾ ನಿಂತು, ತುಟಿಯ ಅಂಚಿಗೆ ಬಿತ್ತು. ಮೂರು ಸಲ. ನಾಲ್ಕನೆಯ ಸಲ ಎಲೆ ಅದ್ದಿ, ಗೋಡೆಗೆ ಒರಗಿಸಿಟ್ಟಿದ್ದ ಗಂಡನ ಫೋಟೋದ ಕಡೆ ನೋಡಿ, ಚೌಕಟ್ಟಿನ ಕೆಳಗೆ ನೆಲಕ್ಕೆ ಬಿಟ್ಟರು. ಆಮೇಲೆ ಕಿಂಡಿಗೆ ಮುಚ್ಚಳ ಹಾಕಿ, ಬಟ್ಟೆ ಬಿಗಿದು, ಮತ್ತೆ ಹಲಗೆಯ ಮೇಲೆ ಇಟ್ಟರು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.