ಐದೋ, ಎಂಟೋ?

ಇವತ್ತು ದಾವಣಗೆರೆಯ ಪೈಥಾನ್ (ಪ್ರೋಗ್ರಾಂ ಬರೆಯುವ ಭಾಷೆ) ಕ್ಲಾಸಿನಲ್ಲಿ ಸೋತೆ. ‘ದಾವಣಗೆರೆ’ ಪದಕ್ಕೆ ಎಷ್ಟು ಅಕ್ಷರ ಅಂತ ಪ್ರೋಗ್ರಾಂ ಬರೆಸಿದೆ. ಉತ್ತರ 8 ಬಂತು. ಹಿಂದಿನ ಬೆಂಚಿನ ಹುಡುಗಿ ಬೆರಳು ಮಡಚಿ ಎಣಿಸಿ, “ಸರ್, ಐದೇ ಅಲ್ವಾ? ಇದಕ್ಕೆ ಕನ್ನಡ ಬರಲ್ಲ” ಅಂದಳು.

ಯೂನಿಕೋಡ್‌ನಲ್ಲಿ (ಕಂಪ್ಯೂಟರಿಗಾಗಿ ಲಿಪಿಗಳ ಚಿಹ್ನೆಗಳಿಗೆಲ್ಲ ಸಂಖ್ಯೆ ಕೊಟ್ಟ ಪಟ್ಟಿ) ಇಳಿ, ಎತ್ವದಂಥ ಸ್ವರಚಿಹ್ನೆಗಳಿಗೂ ಬೇರೆ ಬೇರೆ ಸಂಖ್ಯೆ ಇದೆ. ಪೈಥಾನ್ ಎಣಿಸುವುದು ಆ ಸಂಖ್ಯೆಗಳನ್ನು. ‘ದಾ’ ನಮಗೆ ಒಂದು, ಅದಕ್ಕೆ ಎರಡು. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಇತ್ತು. ಪೈಥಾನ್ ಹೊರಬಂದಿದ್ದೂ ಅದೇ ವರ್ಷ. ಆದರೂ ಈ ಜಗಳ ಮುಗಿದಿಲ್ಲ ನೋಡಿ!

ಬೆಂಗಳೂರಿನ ಕೆಲಸ ಬಿಟ್ಟು ಪಾಠಕ್ಕೆ ಕೂತಾಗ ಅಮ್ಮ ಒಂದು ವಾರ ಮಾತಾಡಿರಲಿಲ್ಲ. ಓಪನ್ ಸೋರ್ಸ್ ಅಂದರೆ ಏನು ಅಂತ ಅವರಿಗೆ ಹೇಳಿದ್ದೆ: ಸಂಬಳ ಇಲ್ಲ, ಆದರೆ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದಬಹುದು. “ಅಂದ್ರೆ ಬಿಟ್ಟಿ ಚಾಕರಿ” ಅಂದರು. ಪೂರ್ತಿ ತಪ್ಪೇನಲ್ಲ. ನನ್ನ ಮೊದಲ ಕೊಡುಗೆ ಒಂದು ಕನ್ನಡ ಅನುವಾದದಲ್ಲಿ ಬಿಟ್ಟುಹೋಗಿದ್ದ ಒತ್ತಕ್ಷರ, ಅಷ್ಟೇ. ಅದನ್ನು ಒಪ್ಪಿಕೊಂಡ ದಿನ ಮಾತ್ರ ಗೆಳೆಯರಿಗೆಲ್ಲ ಬೆಣ್ಣೆ ದೋಸೆ ಕೊಡಿಸಿದ್ದೆ.

ಕ್ಲಾಸು ಮುಗಿದು ಮಂಡಕ್ಕಿ, ಮಿರ್ಚಿ ಬಂದರೂ ಆ ಹುಡುಗಿ ಎದ್ದಿಲ್ಲ. ಐದು ಬರಿಸಿಯಾಯಿತು. ಈಗ ‘ಚಿತ್ರದುರ್ಗ’ಕ್ಕೆ ಕೈ ಹಾಕಿದ್ದಾಳೆ. ನಾಲ್ಕು ಬರಬೇಕಾದಲ್ಲಿ ಆರು ಬರುತ್ತಿದೆಯಂತೆ.