ಅಂಬಾಸಿಡರ್ ಟ್ಯಾಪೆಟ್ ಸದ್ದು ಮತ್ತೆ ಮತ್ತೆ ಬಂದರೆ

1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಟ್ಯಾಪೆಟ್ ಸೆಟ್ (ವಾಲ್ವ್ ಗ್ಯಾಪ್ ಹೊಂದಿಸುವ ಕೆಲಸ) ಮಾಡಿಸಿದ ತಿಂಗಳೊಳಗೆ ಟಕಟಕ ಮತ್ತೆ ಶುರುವಾದರೆ ಸುಮ್ಮನೆ ಸ್ಕ್ರೂ ಬಿಗಿ ಮಾಡುತ್ತಾ ಹೋಗಬೇಡಿ. ಇಂಜಿನ್ ತಣ್ಣಗಿದ್ದಾಗ ವಾಲ್ವಿಗೂ ಅದನ್ನು ಒತ್ತಿ ತೆರೆಯುವ ರಾಕರ್‌ಗೂ ನಡುವಿನ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಭಾಗ, 0.38 ಮಿ.ಮೀ.) ಇರಲಿ. ಕ್ರಮಕ್ಕೆ ಒಂಬತ್ತರ ಲೆಕ್ಕ (ತೆರೆದ ವಾಲ್ವ್, ಸೆಟ್ ಮಾಡುವ ವಾಲ್ವ್ ಎರಡರ ಸಂಖ್ಯೆ ಕೂಡಿದರೆ 9): 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು ಸೆಟ್ ಮಾಡಿ, 6 ತೆರೆದಾಗ 3.

ಆಮೇಲೂ ಸದ್ದಿದ್ದರೆ ರಾಕರ್ ತುದಿ ನೋಡಿ. ವಾಲ್ವ್ ತಾಗುವಲ್ಲಿ ಗುಳಿ ಬಿದ್ದಿದ್ದರೆ ಚಪ್ಪಟೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಅದರ ಮೇಲೆ ಸೇತುವೆಯಂತೆ ಕೂರುತ್ತದೆ. ನಿಜವಾದ ಗ್ಯಾಪ್ ಇನ್ನೂ ಹೆಚ್ಚು. ರಾಕರ್ ತನ್ನ ಶಾಫ್ಟ್ ಮೇಲೆ ಸಡಿಲವಾಗಿ ಮೇಲೆ-ಕೆಳಗೆ ಆಡುತ್ತಿದ್ದರೆ ಶಾಫ್ಟ್, ಬುಷ್ (ರಾಕರ್ ಒಳಗಿನ ಬಳೆ) ಸವೆದಿವೆ. ಹಳೆ ಶಾಫ್ಟಿಗೆ ಬರೀ ಬುಷ್ ಹಾಕಿಸುವುದು ದುಡ್ಡು ದಂಡ.

ಒಂದೇ ವಾಲ್ವಿನ ಗ್ಯಾಪ್ ಪದೇಪದೇ ಹೆಚ್ಚಿದರೆ ಪುಶ್‌ರಾಡ್ (ರಾಕರನ್ನು ಕೆಳಗಿನಿಂದ ತಳ್ಳುವ ಕಡ್ಡಿ) ತೆಗೆದು, ಇಂಜಿನ್ ಪಕ್ಕದ ಕವರ್ ಬಿಚ್ಚಿ, ಪುಶ್‌ರಾಡ್ ಕೆಳಗೆ ಕ್ಯಾಮ್ ಮೇಲೆ ಕೂರುವ ಟ್ಯಾಪೆಟ್‌ನ ತಳ ನೋಡಿ. ಅಲ್ಲಿ ಚಕ್ಕೆ ಎದ್ದಿದ್ದರೆ ಕ್ಯಾಮ್ (ತಿರುಗುತ್ತಾ ಟ್ಯಾಪೆಟ್ ಎತ್ತುವ ಉಬ್ಬು) ಕೂಡ ಸವೆದು ಹೋಗಿರುವ ಸಾಧ್ಯತೆಯೇ ಹೆಚ್ಚು. ಗ್ಯಾಪ್ ಕಡಿಮೆಯಾಗುತ್ತಿದ್ದರೆ ಸದ್ದೇ ಬಾರದು. ಎಕ್ಸಾಸ್ಟ್ ವಾಲ್ವ್ ತಾನು ಕೂರುವ ಸೀಟಿನೊಳಗೆ ಇಳಿದು ಸುಟ್ಟುಹೋಗುವುದು ಹೀಗೇ.